ಕಾಣೆಯಾದ ನಾಲ್ಕು ನಿಮಿಷ

ಊರೆಲ್ಲ ಈಗ ಕತ್ತರಿ ಎಂದು ಕರೆಯುವವನಿಗೆ ಆರು ವರ್ಷದವನಿದ್ದಾಗ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಟಾಕೀಸಿನ ಪರದೆಯ ಮೇಲೆ ಓಡಾಡುವ ಬಣ್ಣದ ಬೊಂಬೆಗಳನ್ನೆಲ್ಲ ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಅವನ ಸೋದರತ್ತೆಯೇ ಬರೆಯುತ್ತಾಳೆ, ಬರೆದ ಹಾಗೇ ಚೌಕದ ಕಿಂಡಿಯಿಂದ ಆಚೆಗೆ ಬಿಡುತ್ತಾಳೆ ಎಂದು ನಂಬಿದ್ದ. ಅತ್ತೆಗೆ ನೆಗಡಿಯಾದ ವಾರ ಪರದೆಯ ಮೇಲಿನ ಕರಡಿಯೊಂದು ತುಸು ನಡುಗಿದಂತೆ ಕಂಡದ್ದು ಆ ನಂಬಿಕೆಗೆ ಸಿಕ್ಕ ಪುರಾವೆ. ಕ್ಲಾಸಿನಲ್ಲಿ ಇದನ್ನು ಸಾರಿ, ಸುಳ್ಳು ಅಂದವನ ಟಿಫಿನ್ ಡಬ್ಬಿಗೆ ಮರಳು ಸುರಿದು, ಮೇಷ್ಟರ ಕೈಲಿ ಕಿವಿ ಹಿಂಡಿಸಿಕೊಂಡೂ ಅವನು ಮಾತು ಬದಲಿಸಲಿಲ್ಲ.

ಒಬ್ಬಳೇ ಹೆಂಗಸು ಇಷ್ಟೊಂದು ಚಿತ್ರ ಬರೆದರೆ ಬಣ್ಣ ಮುಗಿಯದೆ ಇರುತ್ತದೆಯೆ? ಹಾಗಂತ ಡಿಸೆಂಬರಿನ ಒಂದು ಶನಿವಾರ ತನ್ನ ಹನ್ನೆರಡು ಬಣ್ಣದ ಪೆನ್ಸಿಲುಗಳನ್ನು ಎದೆಗವಚಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋದ. ಅಲ್ಲಿ ಅತ್ತೆ ಬರೆಯುತ್ತಿರಲಿಲ್ಲ. ಆಳೆತ್ತರದ ಎರಡು ಯಂತ್ರಗಳ ನಡುವೆ ಕೈಗೆ ಎಣ್ಣೆ ಮೆತ್ತಿಕೊಂಡು ನಿಂತಿದ್ದಳು. ಆ ಆಘಾತಕ್ಕೋ ಏನೋ ಪೆಟ್ಟಿಗೆ ಕೈಜಾರಿತು. ಕೆಂಪು ಪೆನ್ಸಿಲು ಯಂತ್ರದ ಕಡೆಗೆ ಹಾರಿದ್ದು ಅವನಿಗೆ ಚೆನ್ನಾಗಿ ನೆನಪಿದೆ. ಟಕ್ ಎಂದದ್ದೂ ನೆನಪಿದೆ. ಆಮೇಲಿನದು ಬರೀ ಅಳು.

ಅಂದು ಸಂಜೆ ಅತ್ತೆ ಕೆಳಗಿಳಿದು ಟಾಕೀಸಿನ ಧಣಿಗೆ ವರದಿ ಒಪ್ಪಿಸಿದಳು. ನಾಳೆ ಬೆಳಿಗ್ಗೆ ಮೊದಲ ಸಲ ತೋರಿಸಬೇಕಾದ ಹೊಚ್ಚಹೊಸ ಮಕ್ಕಳ ಸಿನಿಮಾ ಪರೀಕ್ಷೆಗೆ ಓಡಿಸುವಾಗಲೇ ಸಿಕ್ಕಿಹಾಕಿಕೊಂಡಿತು, ನಾಲ್ಕು ನಿಮಿಷದಷ್ಟು ಫಿಲ್ಮು ಹಾಳಾಯಿತು, ಉಳಿದದ್ದನ್ನು ಅಂಟಿಸಿದ್ದೇನೆ, ಹುಡುಗ ಒಳಗೆ ಬಂದಿದ್ದ. ಧಣಿ ಎಂಥವರೆಂದರೆ, ಪ್ರಿಂಟಿನ ಮೇಲೆ ಗೀರು ಬಿದ್ದದ್ದಕ್ಕೇ ಇಬ್ಬರು ಆಪರೇಟರುಗಳನ್ನು ಮನೆಗೆ ಕಳಿಸಿದವರು. ಅವರು ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. ಮನೆಗೆ ಕಳಿಸೋಣವೆಂದರೆ ಅವನು ಆಗಲೇ ಅಮ್ಮನ ಸೆರಗು ಹಿಡಿದು ಮನೆಯ ಕಡೆಗೇ ಹೊರಟಿದ್ದ. ‘ಸರಿಯಾದ ಕತ್ತರಿ’ ಎಂದರು. ಅಲ್ಲಿಗೆ ಹುಟ್ಟಿದಾಗ ಇಟ್ಟ ಹೆಸರಿಗೆ ಎಳ್ಳುನೀರು ಬಿಟ್ಟಂತಾಯಿತು. ಅಂದಿನಿಂದ ಮನೆಯವರಿಗೂ ಬೀದಿಯವರಿಗೂ ಅವನು ಕತ್ತರಿ.

ಸಿನಿಮಾದ ಹೆಸರು ‘ಒಂಟಿ ಕೈಗವಸು’. ಕ್ರಿಸ್‌ಮಸ್ ಹಿಂದಿನ ದಿನ ಉಡುಗೊರೆ ಹಂಚಲು ಹೊರಟ ತಾತನ ಎಡಗೈಯ ಗವಸು ಜಾರುಬಂಡಿಯಿಂದ ಹಿಮದ ಮೇಲೆ ಬೀಳುತ್ತದೆ. ತಾತ ಗಮನಿಸದೆ ಹೋಗಿಬಿಡುತ್ತಾನೆ. ಗವಸು ಎದ್ದು, ನಾಲ್ಕು ಬೆರಳಿನ ಮೇಲೆ ನಡೆಯುತ್ತ, ಹೆಬ್ಬೆರಳೆತ್ತಿ ದಾರಿ ನೋಡುತ್ತ, ತಾತನನ್ನು ಹುಡುಕಿಕೊಂಡು ಹೊರಡುತ್ತದೆ. ಅದಕ್ಕೆ ಬಾಯಿಲ್ಲ, ಕಣ್ಣಿಲ್ಲ. ಆದರೂ ದುಃಖವಾದಾಗ ಮಡಚಿಕೊಳ್ಳುವ ರೀತಿ ನೋಡಿದರೆ ಕಲ್ಲೂ ಕರಗಬೇಕು. ಒಂದು ಮುಂಗೋಪಿ ಕಾಗೆ ಜೊತೆಯಾಗುತ್ತದೆ. ಹೆಪ್ಪುಗಟ್ಟಿದ ಹೊಳೆ ದಾಟುವಾಗ ಮಂಜುಗಡ್ಡೆ ಬಿರಿದು ಗವಸು ನೀರಿಗೆ ಬೀಳುತ್ತದೆ, ಹೆಬ್ಬೆರಳ ತುದಿಯೂ ಮುಳುಗುತ್ತದೆ. ಅಷ್ಟರಲ್ಲಿ ಪರದೆ ಒಮ್ಮೆ ಎಗರಿದಂತಾಗಿ, ನೋಡಿದರೆ ಗವಸು ಕಾಗೆಯ ಬೆನ್ನ ಮೇಲೆ ಆರಾಮಾಗಿ ಹಾರುತ್ತಿರುತ್ತದೆ, ಮೈಯೆಲ್ಲ ಒಣಗಿ.

ನಡುವೆ ಏನಾಯಿತು? ಇಪ್ಪತ್ತೆರಡು ವರ್ಷಗಳಿಂದ ಆ ಊರಿನ ಮಕ್ಕಳ ಮುಖ್ಯ ಪ್ರಶ್ನೆ ಅದೇ. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಆಟ. ಹೆಬ್ಬೆರಳು ಮುಳುಗುವ ಹೊತ್ತಿಗೆ ಇಡೀ ಹಾಲು ಎದ್ದು ನಿಂತು, ಯಾರಿಗೆ ಏನು ತೋಚುತ್ತದೋ ಅದನ್ನು ಕೂಗುತ್ತದೆ. ಕಾಗೆ ಮುಳುಗು ಹಾಕಿತು ಅನ್ನುವವರ ಪಕ್ಷ ಒಂದು, ಗವಸೇ ಈಜಿತು ಅನ್ನುವವರದು ಇನ್ನೊಂದು, ತಾತ ತಿರುಗಿ ಬಂದು ಯಾರಿಗೂ ಹೇಳದೆ ಎತ್ತಿಟ್ಟು ಹೋದ ಅನ್ನುವ ಪತ್ತೇದಾರರದು ಮೂರನೆಯದು. ಮೊದಲ ವರ್ಷ ಮಗುವಾಗಿ ನೋಡಿದ್ದ ಕಟಿಂಗ್ ಶಾಪಿನವನಂತೂ, ಕಾಗೆ ಕೊಕ್ಕಿನಿಂದ ಎಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಕತ್ತರಿ ಹಿಡಿದೇ ಆಣೆ ಮಾಡುತ್ತಾನೆ. ಆ ಹೊತ್ತಿನಲ್ಲಿ ಅವನ ಕೈಯಲ್ಲಿ ನಮ್ಮ ತಲೆ ಇರುವುದರಿಂದ ಯಾರೂ ವಾದಿಸುವುದಿಲ್ಲ.

ಎಲ್ಲರೂ ಎದ್ದು ಕೂಗುವಾಗ ಕತ್ತರಿಯೊಬ್ಬ ಕುರ್ಚಿಯಲ್ಲಿ ಕುಸಿಯುತ್ತಿದ್ದ. ಊರಿನ ಅಷ್ಟೂ ಮಕ್ಕಳ ನಾಲ್ಕು ನಿಮಿಷ ನುಂಗಿದವನು ತಾನು. ಬೆಳೆದ, ಓದಿದ, ಲಿಫ್ಟ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿದರೆ ‘ಗಾಬರಿ ಆಗ್ಬೇಡಿ, ಉದ್ದಕ್ಕೆ ಉಸಿರು ತಗೊಳ್ಳಿ’ ಎಂದು ಸಮಾಧಾನ ಹೇಳುವುದು ಅವನ ಕೆಲಸ. ದಿನಕ್ಕೆ ಮೂವತ್ತು ಜನರ ಗಾಬರಿ ಇಳಿಸುವವನು, ಡಿಸೆಂಬರ್ ಬಂತೆಂದರೆ ತನ್ನದೇ ಉಸಿರು ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದ.

ಇನ್ನು ಅತ್ತೆ. ಊರಿಗೆಲ್ಲ ಆಪರೇಟರಮ್ಮ. ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಬಂದವಳು, ಹಳೆಯ ಆಪರೇಟರಿಗೆ ಕಣ್ಣು ಮಂಜಾದಾಗ ಫಿಲ್ಮು ಪೋಣಿಸಿಕೊಡುತ್ತ ಪೋಣಿಸಿಕೊಡುತ್ತ ಕ್ಯಾಬಿನ್ನನ್ನೇ ತನ್ನದಾಗಿಸಿಕೊಂಡವಳು. ಮೂವತ್ತೊಂದು ವರ್ಷದಲ್ಲಿ ಒಂದು ಸಿನಿಮಾವನ್ನೂ ಹಾಲಿನಲ್ಲಿ ಕೂತು ನೋಡಿದವಳಲ್ಲ. ‘ಅಲ್ಲಿಂದ ಯಂತ್ರದ ಸದ್ದು ಕೇಳಿಸಲ್ಲ, ಏನು ಚೆಂದ?’ ಎನ್ನುತ್ತಾಳೆ. ಹದಿನೆಂಟು ನಿಮಿಷಕ್ಕೊಮ್ಮೆ ಒಂದು ರೀಲು ಮುಗಿದು ಇನ್ನೊಂದು ಯಂತ್ರ ಶುರುಮಾಡಬೇಕಾದ್ದರಿಂದ ಅವಳ ಮೈಯಲ್ಲೇ ಒಂದು ಗಡಿಯಾರ ಕೂತುಬಿಟ್ಟಿದೆ. ಮದುವೆ ಊಟವಿರಲಿ, ಮಾತುಕತೆಯಿರಲಿ, ಹಲ್ಲು ಡಾಕ್ಟರ ಕುರ್ಚಿಯಿರಲಿ, ಹದಿನೆಂಟನೆಯ ನಿಮಿಷಕ್ಕೆ ಚಕ್ಕನೆ ತಲೆಯೆತ್ತಿ ಬಲಕ್ಕೆ ನೋಡುತ್ತಾಳೆ. ಹಲ್ಲು ಡಾಕ್ಟರು ಎರಡನೆಯ ಸಲ ಬರಬೇಡಿ ಅಂದದ್ದು ಅದಕ್ಕೇ.

ಆ ಧಣಿ ತೀರಿಕೊಂಡು ಈಗ ಮಗ ಚಿಕ್ಕ ಧಣಿ ಟಾಕೀಸು ನೋಡಿಕೊಳ್ಳುತ್ತಾರೆ. ದಿನದ ಆಟಗಳೆಲ್ಲ ಹೊಸ ಡಿಜಿಟಲ್ ಯಂತ್ರದಲ್ಲಿ. ಹಳೆಯ ಎರಡು ಯಂತ್ರ ಉಳಿದದ್ದು ವರ್ಷಕ್ಕೊಮ್ಮೆ ಬರುವ ಗವಸಿಗಾಗಿ ಮಾತ್ರ. ಬರುವ ಜನವರಿಯಲ್ಲಿ ಅವನ್ನೂ ಬಿಚ್ಚಿಸುತ್ತೇನೆ ಎಂದರು ಚಿಕ್ಕ ಧಣಿ. ‘ಅವನ್ನ ಬಿಚ್ಚೋರು ನನ್ನನ್ನೂ ಬಿಚ್ಚಿಬಿಡಿ’ ಎಂದು ಅತ್ತೆ ಅದೇ ತಿಂಗಳಿಗೆ ನಿವೃತ್ತಿ ಹೇಳಿದಳು.

ಸುದ್ದಿ ಕೇಳಿ ಕತ್ತರಿಗೆ ನಿದ್ದೆ ಹಾರಿತು. ಕೊನೆಯ ಆಟದಲ್ಲಾದರೂ ಸಿನಿಮಾ ಪೂರ್ತಿಯಾಗಬೇಕು, ತಾನು ಹಾಳುಮಾಡಿದ್ದನ್ನು ಅತ್ತೆಯ ಕೈಗೆ ತಾನೇ ತಂದಿಡಬೇಕು. ಇಲ್ಲದಿದ್ದರೆ ಸಾಯುವ ತನಕ ಕತ್ತರಿಯೇ. ಏಳು ತಿಂಗಳು ದೂರದೇಶದ ಚಿತ್ರಭಂಡಾರವೊಂದಕ್ಕೆ ಪತ್ರದ ಮೇಲೆ ಪತ್ರ ಬರೆದ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಮಾತಾಡಿ ಬಂದ ತಾಳ್ಮೆ ಅಲ್ಲಿ ಕೆಲಸಕ್ಕೆ ಬಂತು. ಕೊನೆಗೆ, ತೊಳೆದು ಒರೆಸಿ ಹೊಸದುಮಾಡಿದ ಪೂರ್ತಿ ಡಿಜಿಟಲ್ ಪ್ರತಿ ಒಂದು ಪುಟ್ಟ ಡಬ್ಬಿಯಲ್ಲಿ ಬಂದಿಳಿಯಿತು.

ಬುಧವಾರ ಅದನ್ನು ಕ್ಯಾಬಿನ್ನಿಗೆ ಒಯ್ದ. ಅತ್ತೆ ಬೆಂಚಿನ ಮೇಲೆ ಕೂತು ಸ್ವೆಟರಿನ ಗುಂಡಿ ಹೊಲಿಯುತ್ತಿದ್ದಳು.

‘ಅತ್ತೆ, ಏನು ತಂದಿದೀನಿ ಹೇಳು.’

‘ಪೆನ್ಸಿಲ್ ಅಲ್ಲ ತಾನೆ?’

‘ಆ ನಾಲ್ಕು ನಿಮಿಷ.’

ಅತ್ತೆಯ ಸೂಜಿ ನಿಂತಿತು. ಅದು ಸಂತೋಷಕ್ಕೆ ಎಂದುಕೊಂಡ ಕತ್ತರಿ. ಲ್ಯಾಪ್‌ಟಾಪ್ ಬಿಚ್ಚಿ, ಚಿಕ್ಕ ಧಣಿಯನ್ನೂ ಕರೆದು, ಹೊಳೆಯ ದೃಶ್ಯಕ್ಕೇ ಹಾಕಿದ. ಮಂಜುಗಡ್ಡೆ ಬಿರಿಯಿತು. ಹೆಬ್ಬೆರಳು ಮುಳುಗಿತು. ಇಪ್ಪತ್ತೆರಡು ವರ್ಷದ ಉಸಿರನ್ನು ಅವನು ಬಿಗಿಹಿಡಿದ.

ನೀರಿನಡಿಯಿಂದ ಮೀಸೆ ಹೊತ್ತ ಒಂದು ದಪ್ಪ ಮೀನು ಬಂತು. ಬಂದದ್ದೇ ಹಾಡಲು ತೊಡಗಿತು. ದೊಡ್ಡವರ ಮಾತು ಕೇಳಬೇಕು, ಹೇಳದೆ ಮನೆ ಬಿಟ್ಟು ಹೋಗಬಾರದು, ಹೊತ್ತಿಗೆ ಸರಿಯಾಗಿ ಮಲಗಬೇಕು, ಮೈ ಕೈ ತೊಳೆಯಬೇಕು. ನೀರಿನಲ್ಲೇ ಮುಳುಗಿರುವ ಗವಸಿಗೆ ಮೈ ತೊಳೆಯುವ ಉಪದೇಶ! ಆರು ಚರಣ. ಪ್ರತಿ ಚರಣಕ್ಕೂ ಮೀಸೆ ಸವರಿಕೊಳ್ಳುವುದು. ಕೊನೆಗೆ ಬಾಲದಿಂದ ಒಂದು ಸಲ ತಳ್ಳಿತು, ಗವಸು ದಡಕ್ಕೆ ಬಿತ್ತು.

‘ಇಷ್ಟೇನಾ?’ ಎಂದ ಕತ್ತರಿ.

‘ಭಾಳ ಒಳ್ಳೆ ಸಂದೇಶ ಇದೆ’ ಎಂದರು ಚಿಕ್ಕ ಧಣಿ. ಅವರಿಗೆ ಮಕ್ಕಳಿರಲಿಲ್ಲ. ‘ಭಾನುವಾರ ಇದನ್ನೇ ಹಾಕೋಣ. ಮೊದಲ ಬಾರಿಗೆ ಸಂಪೂರ್ಣ ಚಿತ್ರ ಅಂತ ಬೋರ್ಡ್ ಬರೆಸ್ತೀನಿ. ಏನಂತೀರಾ ಆಪರೇಟರಮ್ಮ?’

‘ನಿಮ್ಮ ಟಾಕೀಸು’ ಎಂದು ಅತ್ತೆ ಮತ್ತೆ ಗುಂಡಿಗೆ ಸೂಜಿ ಹಾಕಿದಳು. ಕತ್ತರಿಯನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಅವನಿಗೆ ಯಾಕೋ ಕಸಿವಿಸಿಯಾಯಿತು.

ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂದು ಕೂಗಿದವರು ಇಂದು ತಮ್ಮ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದಿದ್ದರು. ಅಂಗಡಿ ಮುಚ್ಚಿ ಬಂದ ಕಟಿಂಗ್ ಶಾಪಿನವನು, ಇವತ್ತು ತನ್ನ ಮಾತು ಸಾಬೀತಾಗುತ್ತದೆಂದು ಸುತ್ತಲಿನ ಮೂರು ಸಾಲಿಗೆ ಹೇಳಿದ್ದ. ಕೆಳಗೆ ಕೂರಲು ಧೈರ್ಯ ಸಾಲದೆ ಕತ್ತರಿ ಕ್ಯಾಬಿನ್ನಿಗೆ ಹೋದ. ಹೊಸ ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು. ಅತ್ತೆ ಹಳೆಯ ಯಂತ್ರದ ಬಳಿಯ ಮೇಜಿನಲ್ಲಿ ಹಳೆಯ ಪ್ರಿಂಟಿನ ಎರಡನೆಯ ರೀಲನ್ನು ಕೈಯಿಂದ ನಿಧಾನ ಸುತ್ತುತ್ತಿದ್ದಳು.

‘ಅದ್ಯಾಕೆ ಈಗ?’

‘ಸುಮ್ನೆ. ಕೈ ಖಾಲಿ ಇರ್ಬಾರದು.’

ಫಿಲ್ಮು ಅವಳ ಹೆಬ್ಬೆರಳ ಕೆಳಗೆ ಹರಿದು, ಒಂದು ಕಡೆ ಅಂಟಿಸಿದ ಟೇಪಿನ ಬಳಿ ನಿಂತಿತು. ಕತ್ತರಿ ಬಗ್ಗಿ ಬೆಳಕಿಗೆ ಹಿಡಿದು ನೋಡಿದ. ಟೇಪಿನ ಈಚೆ ಮುಳುಗುತ್ತಿರುವ ಹೆಬ್ಬೆರಳು, ಆಚೆ ಕಾಗೆಯ ಬೆನ್ನು. ನಡುವೆ ಗೆರೆ ಎಳೆದಂತೆ ನೇರ ಕೊಯ್ತ. ಮೀನಿನ ಮೀಸೆ ಕಾಣಿಸುವ ಮುಂಚೆಯೇ ಶುರು, ಬಾಲ ಹೋದ ಮೇಲೆಯೇ ಮುಕ್ತಾಯ. ಯಂತ್ರಕ್ಕೆ ಸಿಕ್ಕಿ ಹರಿದ ಫಿಲ್ಮು ಹೀಗೆ ಹರಿಯುವುದಿಲ್ಲ. ಕೆಂಪು ಪೆನ್ಸಿಲಿಗೆ ಇಷ್ಟು ಒಳ್ಳೆಯ ಅಭಿರುಚಿ ಇರುವುದೂ ಕಷ್ಟ.

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಮಂಜುಗಡ್ಡೆ ಬಿರಿಯಿತು. ಇಡೀ ಹಾಲು ಎದ್ದು ನಿಂತಿತು. ಕಾಗೆ, ಕಾಗೆ ಎಂದು ಕೆಲವರು, ಈಜು, ಈಜು ಎಂದು ಉಳಿದವರು. ಆಗ ಮೀನು ಬಂತು.

ಒಂದನೆಯ ಚರಣಕ್ಕೆ ಕೂಗು ನಿಂತಿತು. ಎರಡನೆಯದಕ್ಕೆ ಎಲ್ಲರೂ ಒಬ್ಬೊಬ್ಬರಾಗಿ ಕೂತರು. ಮೂರನೆಯದಕ್ಕೆ ಮುಂದಿನ ಸಾಲಿನ ಒಂದು ಮಗು ಎಲ್ಲರಿಗೂ ಕೇಳುವ ಹಾಗೆ, ‘ಅಮ್ಮಾ, ಈ ಮೀನು ಯಾವಾಗ ಹೋಗತ್ತೆ?’ ಎಂದಿತು. ಬಾತ್‌ರೂಮಿಗೆಂದು ಎದ್ದವರ ನೆರಳುಗಳು ಮೀನಿನ ಮೀಸೆಯ ಮೇಲೆ ಹಾಯ್ದವು. ಕಟಿಂಗ್ ಶಾಪಿನವನು ಇಪ್ಪತ್ತೆರಡು ವರ್ಷದ ಸಾಕ್ಷ್ಯ ಕಳೆದುಕೊಂಡು ತಲೆ ಕೆರೆದುಕೊಳ್ಳುತ್ತಿದ್ದುದು ಕಿಂಡಿಯಿಂದಲೂ ಕಾಣುತ್ತಿತ್ತು.

ಅತ್ತೆ ಚಕ್ಕನೆ ತಲೆಯೆತ್ತಿ ಬಲಕ್ಕೆ ನೋಡಿದಳು. ಹದಿನೆಂಟು ನಿಮಿಷವೇನೂ ಆಗಿರಲಿಲ್ಲ. ಎದ್ದು, ಟೇಪಿನಿಂದಾಚೆಯ ಫಿಲ್ಮನ್ನು ಹಳೆಯ ಯಂತ್ರದ ಹಲ್ಲುಗಳಿಗೆ ಪೋಣಿಸಿದಳು. ಮೂವತ್ತೊಂದು ವರ್ಷದ ಬೆರಳುಗಳು. ಕತ್ತರಿ ಒಂದು ಸಲ ಉದ್ದಕ್ಕೆ ಉಸಿರು ತೆಗೆದುಕೊಳ್ಳುವುದರೊಳಗೆ ಮುಗಿಯಿತು.

‘ಹೊಸ ಯಂತ್ರದ ಸದ್ದು ನಿಲ್ಸಿ ಲೆನ್ಸಿಗೆ ಮುಚ್ಚಳ ಹಾಕು’ ಎಂದಳು.

‘ಚಿಕ್ಕ ಧಣಿ...’

‘ಹಾಕೋ.’

ಹಾಕಿದ. ಐದನೆಯ ಚರಣದ ನಡುವೆ, ಮೀನು ಬಾಯಿ ತೆರೆದಿದ್ದ ಹಾಗೇ ಪರದೆ ಎಗರಿತು. ಗೀರುಬಿದ್ದ, ಬಣ್ಣ ಮಾಸಿದ ಆಕಾಶದಲ್ಲಿ ಕಾಗೆ ಹಾರುತ್ತಿತ್ತು, ಬೆನ್ನ ಮೇಲೆ ಒಣಗಿದ ಗವಸು. ಆಮೇಲೆ ಹಾಲು ಮಾಡಿದ ಸದ್ದಿಗೆ ಕ್ಯಾಬಿನ್ನಿನ ಎಣ್ಣೆ ಡಬ್ಬಿ ಕುಣಿಯಿತು. ಮೀನನ್ನು ಕಾಗೆ ತಿಂದಿತು ಎಂದು ಮುಂದಿನ ಸಾಲು ತೀರ್ಮಾನಿಸಿತು. ಅದಕ್ಕೆ ವಿರೋಧ ಬರಲಿಲ್ಲ. ಕೆಳಗೆ ಬಾಗಿಲ ಬಳಿ ನಿಂತಿದ್ದ ಚಿಕ್ಕ ಧಣಿ ಕಿಂಡಿಯತ್ತ ಕೈಯೆತ್ತಿದರು. ಬೈಯಲು ಎತ್ತಿದ ಕೈ, ಸುತ್ತ ಎಲ್ಲರೂ ತಟ್ಟುತ್ತಿದ್ದುದರಿಂದ ಇನ್ನೊಂದು ಕೈಯನ್ನು ಹುಡುಕಿಕೊಂಡಿತು.

ಯಂತ್ರ ಹಳೆಯ ಲಯದಲ್ಲಿ ಟರಟರ ಎನ್ನತೊಡಗಿತು. ಅತ್ತೆ ಅದರ ಬೆಚ್ಚನೆಯ ಪಕ್ಕೆಗೆ ಕೈಯಿಟ್ಟು ನಿಂತಳು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೇಳುವ ಮೆತ್ತನೆಯ ದನಿಯಲ್ಲೇ ಕತ್ತರಿ ಕೇಳಿದ:

‘ಅತ್ತೆ, ನಿಜ ಹೇಳು. ಅವತ್ತು ನನ್ನ ಪೆನ್ಸಿಲು ಎಲ್ಲಿ ಬಿತ್ತು?’

‘ನೆಲಕ್ಕೆ.’

‘ಮತ್ತೆ ಇದನ್ನ ಕತ್ತರಿಸಿದ್ದು?’

‘ನಾನೇ. ನೀನು ಬರೋಕೆ ಅರ್ಧ ಗಂಟೆ ಮುಂಚೆ. ಆ ಮೀನಿನ ಪುರಾಣ ವರ್ಷವರ್ಷ ಯಾರು ಕೇಳ್ತಾರೆ?’

‘ಇಪ್ಪತ್ತೆರಡು ವರ್ಷ, ಅತ್ತೆ. ಊರೆಲ್ಲ ನನ್ನ ಕತ್ತರಿ ಅಂತಾರೆ. ಒಂದು ಸಲನಾದ್ರೂ ನಾನೇ ಮಾಡಿದ್ದು ಅಂತ ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?’

ಅತ್ತೆ ರೀಲಿನಿಂದ ಕಣ್ಣು ತೆಗೆಯಲಿಲ್ಲ.

‘ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು’ ಎಂದಳು. ‘ನಿಂಗೆ ಆರು ವರ್ಷ. ನಿಂದೇನು ಹೋಗ್ತಿತ್ತು?’