ತಣ್ಣನೆಯ ಎಂಜಿನ್ನಿನ ಮೂರು ಸೆಕೆಂಡು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಿವಿಯಣ್ಣ ಎಲ್ಲಿ ಅಂದರೆ ಟೈರಿನಂಗಡಿಯವನಿಂದ ಹಿಡಿದು ಔಷಧಿ ಅಂಗಡಿಯವಳವರೆಗೆ ಎಲ್ಲರೂ ಒಂದೇ ಕಡೆ ಕೈ ತೋರಿಸುತ್ತಾರೆ. ತಗಡಿನ ಶೆಡ್ಡು. ಎರಡು ಕಾರು ನಿಲ್ಲುವಷ್ಟು ಜಾಗ, ನೆಲದಲ್ಲೊಂದು ಗುಂಡಿ, ಗೋಡೆಯ ಮೇಲೆ ಪಾನಾಗಳ ಸಾಲು. ಪ್ರತಿ ಪಾನಾದ ಹಿಂದೆ ಅದರದೇ ಆಕಾರದ ಬಿಳಿ ಗೆರೆ ಎಳೆದಿದ್ದಾನೆ. ತೆಗೆದ ಜಾಗಕ್ಕೇ ತೂಗುಹಾಕಬೇಕು. ಬೇರೆ ಕಡೆ ಹಾಕಿದವರ ಗತಿ ಕೇಳಬೇಡಿ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಹತ್ತೊಂಬತ್ತನೇ ವಯಸ್ಸಿಗೆ ಈ ಹೆಸರು ಗಳಿಸಿದ. ಆಗ ಅವನು ತನ್ನ ಗುರುವಿನ ಶೆಡ್ಡಿನಲ್ಲಿದ್ದ. ಹಾಲಿನ ವ್ಯಾನೊಂದು ಬಂತು. ಮೂರು ಶೆಡ್ಡು ಸುತ್ತಿ, ಮೂರು ಕಡೆ ಮೂರು ಥರ ಹೇಳಿಸಿಕೊಂಡು ಬಂದಿತ್ತು. ಇವನು ಮೊಳದುದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿದ. "ಮೂರನೇ ಸಿಲಿಂಡರಿನ ಬೇರಿಂಗು" ಅಂದ. ಬಿಚ್ಚಿ ನೋಡಿದರೆ ಅದೇ. ಗುರು ಮಾರನೆಯ ದಿನದಿಂದ ಸದ್ದಿನ ಗಾಡಿಗಳನ್ನೆಲ್ಲ ಇವನ ಕಡೆ ತಳ್ಳಿದ. ಜೊತೆಗೆ ಒಂದೇ ಒಂದು ಕಟ್ಟಳೆ ಹಾಕಿಕೊಟ್ಟ: ಎಂಜಿನ್ ಬಿಸಿಯಾಗುವವರೆಗೆ ಕಿವಿ ಇಡಬೇಡ. ತಣ್ಣಗಿರುವಾಗ ಕಬ್ಬಿಣ ನೂರು ಸುಳ್ಳು ಹೇಳುತ್ತದೆ.

ಮೂವತ್ತು ವರ್ಷ ಅವನು ಅದನ್ನು ಮೀರಲಿಲ್ಲ. ಗಾಡಿಗಳಿಗೂ ಮೀರುವ ಅವಕಾಶ ಇರಲಿಲ್ಲ ಅನ್ನಿ. ಶೆಡ್ಡಿಗೆ ಬರುವ ಯಾವ ಕಾರಾದರೂ ಊರೆಲ್ಲ ಓಡಿಕೊಂಡು, ಬಿಸಿಯಾಗಿಯೇ ಬರುತ್ತದಲ್ಲ.

ಕಿವಿಯಷ್ಟೇ ಹೆಸರುವಾಸಿ ಅವನ ಬಾಯಿ. "ಆಯಿಲ್ ಬದಲಾಯಿಸದೆ ಓಡಿಸೋರು ಹಲ್ಲನ್ನಾದ್ರೂ ಉಜ್ಜುತ್ತೀರೇನ್ರೀ?" ಎಂದು ಬ್ಯಾಂಕ್ ಮ್ಯಾನೇಜರನ್ನೇ ಕೇಳಿದವನು. ಕೆಲಸ ಗಟ್ಟಿ ಅಂತ ಜನ ಸಹಿಸಿಕೊಂಡರು. ಅವನು ಬೈಸಿಕೊಂಡು ಸುಮ್ಮನಿರುತ್ತಿದ್ದದ್ದು ಒಬ್ಬಳೇ ಒಬ್ಬಳ ಹತ್ತಿರ. ಅವಳು ಅವನ ಅಕ್ಕ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಅವನಿಗೆ ಗೇರು ಹಾಕಲು ಕಲಿಸಿದವಳೂ ಅವಳೇ, ತಪ್ಪು ಹಾಕಿದಾಗಲೆಲ್ಲ ಬೆರಳಿನ ಗೆಣ್ಣಿಗೆ ಪೆನ್ನಿನಿಂದ ಕುಟ್ಟುತ್ತಿದ್ದಳು. ಅದನ್ನೇ ಕಸುಬು ಮಾಡಿಕೊಂಡು ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಾಳೆ. ಸ್ಕೂಲು ಅಂದರೆ ಅವಳು, ಅವಳ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲ್ ಹಾಕಿಸಿದ ಹದಿನೇಳು ವರ್ಷದ ಕಾರು, ಅಷ್ಟೇ. ಕಾರು ನಿಂತರೆ ಸ್ಕೂಲು ಮುಚ್ಚಿದ ಹಾಗೆ. ಆ ವಯಸ್ಸಿನ ಕಾರಿಗೆ ಬೇರೆ ಎಂಜಿನ್ ಹುಡುಕಿ ಕೂರಿಸುವುದು ಆಗದ ಮಾತು. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಮೊದಲ ಸಲ ಬಂದಾಗ ಬಾನೆಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿ ತೋರಿಸಿದಳು. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಣೋ. ಡಬ್ಬೀಲಿ ಮೊಳೆ ಹಾಕಿ ಅಲ್ಲಾಡಿಸಿದಂಗೆ. ಒಂದು, ಎರಡು, ಮೂರು ಎಣಿಸೋದ್ರೊಳಗೆ ಗಪ್‌ಚಿಪ್."

ಅವನು ಸ್ಕ್ರೂ ಡ್ರೈವರ್ ಇಟ್ಟ, ಕಣ್ಣು ಮುಚ್ಚಿದ, ತೆರೆದ. "ಏನೂ ಇಲ್ಲ."

"ಈಗ ಇರಲ್ಲ ಅಂತ ತಾನೆ ನಾನು ಹೇಳ್ತಿರೋದು?"

"ಇದ್ರೆ ಈಗಲೂ ಇರ್ಬೇಕು ಅಕ್ಕ. ನೆಗಡಿಯಾದೋನು ಬೆಳಿಗ್ಗೆ ಮಾತ್ರ ಸೀನ್ತಾನಾ?"

ಎರಡನೇ ಸಲ ಇನ್ನೊಂದು ದೂರು ಸೇರಿತ್ತು. ಸೇತುವೆಯ ದಿಬ್ಬದಲ್ಲಿ ನಿಲ್ಲಿಸಿ ಎತ್ತಿದರೆ ಕಾರು ಮೊದಲಿನ ಹಾಗೆ ಎಳೆಯುತ್ತಿಲ್ಲ. "ನಿನ್ನ ಶಿಷ್ಯರು ಅರ್ಧ ಕ್ಲಚ್ ತುಳಿದೇ ಇರ್ತಾರೆ, ಅದೆಲ್ಲಿ ಎಳೆಯುತ್ತೆ?" ಅಂದ. ಬಂದದ್ದೇ ಬಂದಿದ್ದೀಯ ಅಂತ ಆಯಿಲ್ ಬದಲಾಯಿಸಿದ. ಹಳೆಯ ಆಯಿಲ್ ಇಳಿಸುವುದು ಪ್ಲಾಸ್ಟಿಕ್ ಕ್ಯಾನನ್ನು ಉದ್ದಕ್ಕೆ ಸೀಳಿ ಮಾಡಿಕೊಂಡ ಒಂದು ತಟ್ಟೆಗೆ. ಆಯಿಲನ್ನು ಬಟ್ಟೆಯಲ್ಲಿ ಸೋಸಿ, ಲೋಹದ ಪುಡಿ ಇದೆಯೇ ಎಂದು ನೋಡುವುದು ಅವನ ಪದ್ಧತಿ. ಪುಡಿ ಇರಲಿಲ್ಲ. ಉಗುರಿನಷ್ಟಗಲದ ಪ್ಲಾಸ್ಟಿಕ್ ಚೂರೊಂದು ಸಿಕ್ಕಿತು. ತಟ್ಟೆಯ ಅಂಚು ಮುರಿದಿರಬೇಕು ಎಂದುಕೊಂಡು ವೇಸ್ಟ್ ಬಟ್ಟೆಯ ಡಬ್ಬಕ್ಕೆ ಎಸೆದ.

ಮೂರನೇ ಸಲ ಅವಳು ಬಂದಾಗ ಅವನು ಒಂದು ಜಂಗು ಹಿಡಿದ ಬೋಲ್ಟಿನ ಜೊತೆ ಬೆಳಗಿನಿಂದ ಜಗಳವಾಡುತ್ತಿದ್ದ. ಸ್ಕ್ರೂ ಡ್ರೈವರ್ ಇಡಲೂ ಇಲ್ಲ.

"ಸದ್ದು ಬಾನೆಟ್ ಒಳಗಿಲ್ಲ ಅಕ್ಕ, ನಿನ್ನ ತಲೇಲಿದೆ. ವಯಸ್ಸಾಯ್ತು ನಿನಗೆ."

ಪಕ್ಕದ ಶೆಡ್ಡಿನ ವೆಲ್ಡರ್ ಮುಖದ ಗುರಾಣಿ ಎತ್ತಿ ನೋಡಿದ. ಅಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಇಪ್ಪತ್ತು ವರ್ಷದಿಂದ ಇನ್ನೊಬ್ಬರು ಓಡಿಸೋ ಗಾಡೀಲಿ ಪಕ್ಕಕ್ಕೆ ಕೂತ್ಕೊಂಡು ಅದರ ಸದ್ದು ಕೇಳಿಯೇ ಜೀವ ಉಳಿಸ್ಕೊಂಡಿದೀನಿ. ನೀನು ಬರೀ ಮೂಳೇಲಿ ಕೇಳ್ತೀಯ. ಇನ್ನು ನಿನ್ನ ಶೆಡ್ಡಿಗೆ ಕಾಲಿಡಲ್ಲ, ಹೋಗೋ" ಎಂದು ಹೊರಟಳು. ಹೊರಟವಳು ಫೋನನ್ನೂ ಎತ್ತಲಿಲ್ಲ.

ಹದಿನೈದು ದಿನ ಹಾಗೇ ಕಳೆಯಿತು. ಒಂದು ಸಂಜೆ ವೆಲ್ಡರ್, ಬೆಳಿಗ್ಗೆ ಎರವಲು ಒಯ್ದಿದ್ದ ಆಯಿಲ್ ತಟ್ಟೆಯನ್ನು ತಂದು ಕಟ್ಟೆಯ ಮೇಲಿಟ್ಟ. ಬಣ್ಣ ಕಲಸಲು ಬೇಕಿತ್ತಂತೆ, ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದಿದ್ದ.

"ಇದ್ಯಾರದು?" ಅಂದ ಕಿವಿಯಣ್ಣ.

"ನಿಂದೇ ಮಾರಾಯ. ಜನ್ಮದಲ್ಲಿ ತೊಳೆದಿಲ್ವಲ್ಲ, ಗುರುತು ಸಿಗ್ತಿಲ್ಲ. ನೋಡು, ಎಂಥಾ ಚೆಂದದ ನೀಲಿ!"

ನೀಲಿಯೇ. ಹತ್ತು ವರ್ಷದಿಂದ ಕಪ್ಪಾಗಿಯೇ ಕಂಡಿದ್ದ ತಟ್ಟೆ ಆಕಾಶದ ಹಾಗೆ ನೀಲಿಯಾಗಿತ್ತು. ಅವನು ಅದನ್ನು ಕೈಗೆ ತೆಗೆದುಕೊಂಡು ಅಂಚಿನ ಸುತ್ತ ಹೆಬ್ಬೆರಳು ಓಡಿಸಿದ. ಎಲ್ಲೂ ಮುರಿದಿರಲಿಲ್ಲ. ಇನ್ನೊಂದು ಸುತ್ತು ಓಡಿಸಿದ. ಆಮೇಲೆ ವೇಸ್ಟಿನ ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ ಕೆದಕತೊಡಗಿದ.

"ಏನು ಕಳ್ಕೊಂಡೆ?" ವೆಲ್ಡರ್ ಕೇಳಿದ.

ಕಿವಿಯಣ್ಣ ಕೆದಕುತ್ತಲೇ ಇದ್ದ. ಚೂರು ಸಿಕ್ಕಿತು. ಒರೆಸಿದರೆ ಬೆಲ್ಲದ ಬಣ್ಣ. ಒಂದು ಮಗ್ಗುಲಲ್ಲಿ ಕನ್ನಡಿಯ ಹಾಗೆ ಸವೆದ ಎರಡು ಗೀರು, ಪಕ್ಕಪಕ್ಕದಲ್ಲಿ. ಅಂಥ ಗೀರು ಹಾಕುವುದು ಎಂಜಿನ್ನಿನೊಳಗೆ ಒಂದೇ ವಸ್ತು.

ವೆಲ್ಡರನಿಗೆ ಅವನು ವಿವರಿಸಿದ್ದು ಹೀಗೆ. ಎಂಜಿನ್ನಿನ ಕೆಳಗೆ ತಿರುಗುವುದನ್ನೂ ಮೇಲೆ ವಾಲ್ವುಗಳನ್ನು ಒತ್ತುವುದನ್ನೂ ಜೋಡಿಸುವುದು ಒಂದು ಸರಪಳಿ, ಟೈಮಿಂಗ್ ಚೈನು. ಅದು ಅತ್ತಿತ್ತ ಬಳುಕದ ಹಾಗೆ ಎರಡೂ ಕಡೆ ಪ್ಲಾಸ್ಟಿಕ್ಕಿನ ಗೈಡು, ಹಳಿ ಇದ್ದ ಹಾಗೆ. ಕಬ್ಬಿಣದ ಸರಪಳಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಓಡಿಸುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತೋ! ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅದು ಹಪ್ಪಳದ ಹಾಗಾಗುತ್ತದೆ, ಪಟಕ್ಕನೆ ಮುರಿಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸರಪಳಿಯನ್ನು ಬಿಗಿಹಿಡಿಯುವ ಆಯಿಲ್ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲೇರುವವರೆಗೆ ಸರಪಳಿ ಬಡಿದಾಡುತ್ತದೆ. ಏರಿದ ಮೇಲೆ ಬಿಗಿಯಾಗುತ್ತದೆ, ಸುಮ್ಮನಾಗುತ್ತದೆ.

"ಎಷ್ಟು ಹೊತ್ತು?"

"ಮೂರು ಸೆಕೆಂಡು" ಅಂದ ಕಿವಿಯಣ್ಣ. ಅಂದು, ಕಟ್ಟೆಯ ಮೇಲೆ ಕೂತುಬಿಟ್ಟ.

ಹಾಗೇ ಬಿಟ್ಟರೆ ಒಂದು ದಿನ ಸರಪಳಿ ಚಕ್ರದ ಹಲ್ಲು ತಪ್ಪಿ ಜಾರುತ್ತದೆ. ವಾಲ್ವು ಕೆಳಗೆ ಬರುವ ಹೊತ್ತಿಗೆ ಪಿಸ್ಟನ್ನು ಮೇಲೆ ಬರುತ್ತದೆ, ಎರಡೂ ಮುಖಾಮುಖಿ ಗುದ್ದುತ್ತವೆ. ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯಿತು. ಎರಡು ಸಲ ಫೋನು ಮಾಡಿದ, ಎರಡು ಸಲವೂ ಅಕ್ಕ ಕಟ್ ಮಾಡಿದಳು. ಮೆಸೇಜು ಬರೆಯುವ ಅಭ್ಯಾಸ ಅವನಿಗಿಲ್ಲ.

ಬೆಳಗಿನ ಆರು ಗಂಟೆಗೆ ಅವಳ ಮೊದಲ ಕ್ಲಾಸು. ಮಾರನೆಯ ದಿನ ಐದೂಮುಕ್ಕಾಲಿಗೆ ಅವನ ಸ್ಕೂಟರು ಅವಳ ಓಣಿಗೆ ತಿರುಗಿತು. ಕಾರು ಗೇಟಿನ ಹೊರಗೇ ಇತ್ತು. ಸ್ಟೀರಿಂಗಿನ ಹಿಂದೆ ಅವಳ ಶಿಷ್ಯ, ದಪ್ಪನೆಯ ಬೇಕರಿಯವನು ಕೂತಿದ್ದ. ಎರಡು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದ ಆಸಾಮಿ, ಅವತ್ತು ಹತ್ತು ಗಂಟೆಗೆ ಮೂರನೆಯದು. ಅಕ್ಕ ಪಕ್ಕದ ಸೀಟಿನಲ್ಲಿ ಕನ್ನಡಿ ಸರಿಮಾಡುತ್ತಿದ್ದಳು.

"ಸ್ಟಾರ್ಟ್ ಮಾಡಬೇಡ!" ಎಂದು ಇವನು ಕೂಗಿದ್ದಕ್ಕೂ ಬೇಕರಿಯವನು ಕೀಲಿ ತಿರುಗಿಸಿದ್ದಕ್ಕೂ ಸರಿಹೋಯಿತು.

ಮೊಳೆ ಹಾಕಿದ ಡಬ್ಬಿ. ಒಂದು, ಎರಡು, ಮೂರು. ಸ್ಕ್ರೂ ಡ್ರೈವರೂ ಬೇಕಾಗಲಿಲ್ಲ, ಎದುರು ಮನೆಯ ಮೆಟ್ಟಿಲ ಮೇಲಿದ್ದ ಬೆಕ್ಕು ಕೂಡ ತಲೆಯೆತ್ತಿತು. ಕಿವಿಯಣ್ಣ ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ಆರಿಸಿ, ಕೀಲಿ ಕಿತ್ತುಕೊಂಡ.

"ಏನಪ್ಪಾ, ಕೇಳಿಸ್ತಾ?" ಅಕ್ಕ ಮುಂದಕ್ಕೆ ನೋಡಿಕೊಂಡೇ ಕೇಳಿದಳು. "ಅಥವಾ ಇದೂ ನನ್ನ ತಲೇಲೇ ಇದೆಯಾ?"

"ಕೇಳಿಸ್ತು."

"ಜೋರಾಗಿ ಹೇಳು, ನನಗೆ ವಯಸ್ಸಾಗಿದೆ."

"ಕೇಳಿಸ್ತು ಅಂದ್ನಲ್ಲ!" ಎಂದು ಅವನು ಕಿರುಚಿದ್ದಕ್ಕೆ ಓಣಿಯ ಎರಡು ಕಿಟಕಿ ತೆರೆದವು.

ಅವನು ಚೂರನ್ನು ಅವಳ ಅಂಗೈಗೆ ಹಾಕಿ, ಎಲ್ಲಿ ಸಿಕ್ಕಿತು, ಏನೆಂದು ತಿಳಿದು ಎಸೆದೆ ಎಂಬುದನ್ನೂ ಹೇಳಿದ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಟೆಸ್ಟ್ ಒಂದು ಮುಗಿಸ್ಕೊಂಡು ಬರ್ಲಾ? ಪಾಪ, ಇವರು ರಜೆ ಹಾಕಿದಾರೆ."

"ಇನ್ನು ಒಂದು ಸಲ ಸ್ಟಾರ್ಟ್ ಮಾಡಿದ್ರೂ ಗ್ಯಾರಂಟಿ ಇಲ್ಲ ಅಕ್ಕ."

ಬೇಕರಿಯವನು ಸೀಟ್ ಬೆಲ್ಟ್ ಬಿಚ್ಚಿದ. "ಮೊದಲನೇ ಸಲ ನಾನು ಫೇಲು, ಎರಡನೇ ಸಲ ನಾನು ಫೇಲು. ಈ ಸಲ ಗಾಡಿಯೇ ಫೇಲಾಯ್ತಲ್ಲ ಮೇಡಂ" ಅಂದ. ಅವನ ದನಿಯಲ್ಲಿ ಬೇಜಾರಿಗಿಂತ ಸಮಾಧಾನವೇ ಹೆಚ್ಚಿತ್ತು.

ವೆಲ್ಡರನ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಪಿಕಪ್ ಓಡಿಸಿದವನು ತಮ್ಮ, ಹಿಂದೆ ಸ್ಟೀರಿಂಗ್ ಹಿಡಿದವಳು ಅಕ್ಕ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಇಂಡಿಕೇಟರ್ ಹಾಕೋ! ತಿರುಗೋ ಮುಂಚೆ ಹಾಕ್ಬೇಕು, ತಿರುಗಿದ್ಮೇಲಲ್ಲ!" ಎಂದು ಪಾಠ ಮಾಡುತ್ತಲೇ ಬಂದಳು.

ಹಳೆಯ ಕಾರಾದ್ದರಿಂದ ಸಾಮಾನು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅವನು ಬಿಚ್ಚುವ ಕೆಲಸ ಹಚ್ಚಿಕೊಂಡ. ಬೇರೆ ಗಾಡಿ ಮುಟ್ಟಲಿಲ್ಲ. ಮಧ್ಯಾಹ್ನ ಹೆಂಡತಿ ಡಬ್ಬಿ ತಂದಿಟ್ಟರೆ ಸಂಜೆ ತುಂಬಿದ ಡಬ್ಬಿಯೇ ವಾಪಸು ಹೋಗುತ್ತಿತ್ತು. "ಎಂಜಿನ್ ಹೊಟ್ಟೆ ಬಗೆದದ್ದು ಸಾಕು, ನಿಮ್ಮ ಹೊಟ್ಟೆ ಕಡೆನೂ ಸ್ವಲ್ಪ ನೋಡಿ" ಎಂದು ಅವಳು ಹೇಳಿದ್ದೂ ಅವನಿಗೆ ಕೇಳಿಸಿದ ಹಾಗಿರಲಿಲ್ಲ. ಅಕ್ಕ ದಿನಾ ಬಂದು ಹಳೆಯ ಟೈರಿನ ಮೇಲೆ ಕೂತು, ಶಿಷ್ಯರಿಗೆ ರಸ್ತೆ ಫಲಕಗಳ ಪಾಠ ಅಲ್ಲೇ ಮಾಡಿದಳು. ಬೇಕರಿಯವನು ಸ್ಟ್ಯಾಂಡಿನ ಮೇಲೆ ನಿಂತ ಕಾರಿನೊಳಗೆ ಕೂತು ಕ್ಲಚ್, ಗೇರು, ಕ್ಲಚ್, ಗೇರು ಅಭ್ಯಾಸ ಮಾಡಿದ. "ಇದೇ ಒಳ್ಳೇದು ಮೇಡಂ, ಯಾರಿಗೂ ಗುದ್ದಲ್ಲ."

ಎಂಜಿನ್ನಿನ ತಳದ ಚೇಂಬರ್ ಇಳಿಸಿದಾಗ ಆಯಿಲ್ ಹೀರುವ ಜಾಲರಿಗೆ ಬೆಲ್ಲದ ಬಣ್ಣದ ಚೂರುಗಳು ಅಂಟಿಕೊಂಡಿದ್ದವು. ಅರ್ಧ ಜಾಲರಿ ಮುಚ್ಚಿಹೋಗಿತ್ತು. ಮುಂಭಾಗದ ಮುಚ್ಚಳ ತೆಗೆದರೆ ಒಂದು ಕಡೆಯ ಗೈಡು ಬುಡದಲ್ಲಷ್ಟೇ ಉಳಿದಿತ್ತು. ಸರಪಳಿ ಮುಚ್ಚಳದ ಅಲ್ಯೂಮಿನಿಯಮ್ಮನ್ನೇ ಗರಗಸದ ಹಾಗೆ ಕೊರೆದಿತ್ತು.

ಆಮೇಲೆ ಅವನು ಸರಪಳಿ ಓಡುವ ಎರಡು ಚಕ್ರಗಳ ಮೇಲಿನ ಗುರುತುಗಳನ್ನು ನೋಡಿದ. ಕೆಳಗಿನ ಚಕ್ರದ ಗುರುತು ಸರಿಯಾಗಿ ಇಟ್ಟರೆ ಮೇಲಿನದೂ ತನ್ನ ಜಾಗಕ್ಕೆ ಬರಬೇಕು. ಬರಲಿಲ್ಲ. ಪಾನಾ ಹಾಕಿ ಎರಡು ಸುತ್ತು ಮೆಲ್ಲಗೆ ತಿರುಗಿಸಿ, ಮತ್ತೆ ನೋಡಿದ. ಒಂದು ಹಲ್ಲು ಆಚೆ. ಸರಪಳಿ ಆಗಲೇ ಒಂದು ಹಲ್ಲು ಜಾರಿತ್ತು. ಇನ್ನೊಂದೆರಡು ಜಾರಿದ್ದರೆ ಮುಗಿದಿತ್ತು.

ವೆಲ್ಡರ್ ಹೊರಗಿದ್ದ. ಅಕ್ಕ ಟೈರಿನ ಮೇಲೆ ಯಾರಿಗೋ ತಿರುವಿನ ಪಾಠ ಹೇಳುತ್ತಿದ್ದಳು. ಹೊಸ ಸರಪಳಿಯನ್ನು ಸರಿಯಾದ ಗುರುತಿಗೆ ಹಾಕಿ ಮುಚ್ಚಿದ್ದರೆ ಲೋಕದಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಅಕ್ಕಾ, ಬಾ ಇಲ್ಲಿ."

ತೋರಿಸಿದ. ಅವಳು ಬಗ್ಗಿ ನೋಡಿದಳು.

"ಅಂದ್ರೆ, ದಿಬ್ಬ?"

"ಹ್ಞೂಂ. ಕ್ಲಚ್ ಅಲ್ಲ. ಇದೇ."

ಅವಳು ನೆಟ್ಟಗೆ ನಿಂತು ಕಾರಿನೊಳಗಿದ್ದವನಿಗೆ ಹೇಳಿದಳು: "ಕೇಳಿಸ್ಕೊಂಡ್ರಾ? ನೀವು ಎರಡನೇ ಸಲ ಫೇಲಾಗಿದ್ದು ದಿಬ್ಬದಲ್ಲಿ ತಾನೆ?"

ಬೇಕರಿಯವನ ಮುಖ ಅರಳಿತು. "ಹಂಗಾದ್ರೆ ನಂದೇನೂ ತಪ್ಪಿಲ್ಲ!"

"ಮೊದಲನೇ ಸಲ ಕಂಬಕ್ಕೆ ಗುದ್ದಿದ್ದು ಯಾವ ಹಲ್ಲು ಜಾರಿ?" ಅಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿದಳು. ಬೈಗುಳಕ್ಕೆ ಅವನು ತಯಾರಾಗಿದ್ದ. ಅವಳು ಬೈಯಲಿಲ್ಲ, ಅವನ ತೋಳಿನ ಮೇಲಿದ್ದ ಆಯಿಲ್ ಕಲೆಯನ್ನು ಬೆರಳಿಂದ ಉಜ್ಜಿ ನೋಡಿ, ಹೋಗದ್ದಕ್ಕೆ ಬಿಟ್ಟು, ಪಾಠಕ್ಕೆ ವಾಪಸಾದಳು.

ಹೊಸ ಸರಪಳಿ, ಹೊಸ ಗೈಡು, ಬಿಗಿಹಿಡಿಯುವ ಟೆನ್ಷನರ್ ಎಲ್ಲ ಕೂತವು. ಗುರುತುಗಳಿಗೆ ಬಿಳಿ ಬಣ್ಣ ಹಚ್ಚಿ, ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ, ಆರು ಸಲ ನೋಡಿದ. ಸಂಜೆ ಸ್ಟಾರ್ಟ್ ಮಾಡಿದ. ಹೊಸ ಟೆನ್ಷನರಿಗೆ ಆಯಿಲ್ ಏರಿ, ಬಿಸಿಯಾದ ಮೇಲೆ ಎಂಜಿನ್ ರೇಷ್ಮೆಯ ಹಾಗಿತ್ತು. ವೆಲ್ಡರ್ ಚಪ್ಪಾಳೆ ತಟ್ಟಿದ. "ಬಿಸಿಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ" ಎಂದು ಕಿವಿಯಣ್ಣ ಬಾನೆಟ್ ಮುಚ್ಚಿದ.

ಈಗ ಶೆಡ್ಡಿನ ಬಾಗಿಲಿಗೆ ಅವನದೇ ಸೊಟ್ಟ ಅಕ್ಷರದ ಹಲಗೆಯೊಂದಿದೆ: ಸದ್ದಿನ ಗಾಡಿ ಹಿಂದಿನ ಸಂಜೆಯೇ ಬಿಟ್ಟು ಹೋಗುವುದು. ಗಿರಾಕಿಗಳು ಗೊಣಗುತ್ತಾರೆ, ಅವನು ತಿರುಗಿ ಗೊಣಗುತ್ತಾನೆ. ಮುರಿದ ಗೈಡನ್ನು ಅಕ್ಕ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿಕೊಂಡಿದ್ದಾಳೆ. ಇದೇನು ಎಂದು ಹೊಸ ಶಿಷ್ಯರು ಕೇಳಿದರೆ, "ನನ್ನ ತಮ್ಮನಿಗೆ ಕೇಳಿಸದೇ ಇದ್ದದ್ದು" ಅನ್ನುತ್ತಾಳೆ.

ಆದರೆ ಅದೆಲ್ಲ ಆಮೇಲಿನ ಮಾತು. ಕಾರು ವಾಪಸು ಹೋದ ಮಾರನೆಯ ಬೆಳಿಗ್ಗೆ, ಆರಕ್ಕೆ ಹತ್ತು ನಿಮಿಷವಿರುವಾಗ, ಅವನು ಅವಳ ಗೇಟಿನ ಮುಂದೆ ಬಾನೆಟ್ಟಿನ ಎದುರು ಕುಕ್ಕರುಗಾಲಲ್ಲಿ ಕೂತಿದ್ದ. ಲೋಹ ಇಬ್ಬನಿಯಲ್ಲಿ ತಣ್ಣಗಿತ್ತು. ಅಕ್ಕ ಕೀಲಿ ತಿರುಗಿಸಿದಳು.

ಒಂದು. ಎರಡು. ಮೂರು. ನಾಲ್ಕು. ಏನಿಲ್ಲ. ಎದುರು ಮನೆಯ ಬೆಕ್ಕು ಮಲಗೇ ಇತ್ತು.

"ಸಾಕಾ? ಇನ್ನೊಂದು ಸಲ ಸ್ಟಾರ್ಟ್ ಮಾಡಿ ತೋರಿಸ್ಲಾ?" ಅಕ್ಕ ಕಿಟಕಿಯಿಂದ ಕೇಳಿದಳು.

"ಆಗಲ್ಲ, ಈಗ ಬಿಸಿಯಾಯ್ತು" ಎಂದು ಅವನು ಮಂಡಿ ಹಿಡಿದುಕೊಂಡು ಎದ್ದ. "ನಾಳೆ ಬೆಳಿಗ್ಗೆ ಬರ್ತೀನಿ."