ಸೋಮವಾರ ಹೂಡಬಾರದ ಸ್ಕೂಟರ್

ನಮ್ಮ ಮಾವನವರು ಸೋಮವಾರ ಸ್ಕೂಟರನ್ನು ಹೊರಗೆ ತೆಗೆಯಲು ಬಿಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಎತ್ತಿಗೆ ಸರಿ, ಸ್ಕೂಟರಿಗೇಕೆ ಎಂದು ಕೇಳಿದರೆ, "ದುಡಿಯೋದು ಯಾವ್ದಾದ್ರೇನು ತಾಯಿ, ವಾರಕ್ಕೊಂದಿನ ಉಸಿರು ತಗಳ್ಳಿ ಬಿಡು" ಎನ್ನುತ್ತಿದ್ದರು. ಸ್ಕೂಟರ್ ಅಂಗಳದಲ್ಲಿ ಗೋಣಿಚೀಲ ಹೊದ್ದುಕೊಂಡು ಉಸಿರು ತೆಗೆದುಕೊಳ್ಳುತ್ತಿತ್ತು. ನಾನು ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಧೂಳು ಕುಡಿಯುತ್ತಾ ನಿಂತಿರುತ್ತಿದ್ದೆ.

ಇದು ಎಂಬತ್ತರ ದಶಕದ ಮಾತು. ನನ್ನ ತವರು ಚನ್ನಗಿರಿ, ಕೊಟ್ಟದ್ದು ಜಗಳೂರಿಗೆ. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳಿಗೆ ಬಿಳಿಚೋಡಿನ ಕಡೆಗೆ ವರ್ಗವಾಯಿತು. ಬಸ್ಸುಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ನೌಕರಿ ಬಿಡುವ ಮಾತು ಎದ್ದಿತು. ನಾನು ಬಿಡುವ ಪೈಕಿ ಅಲ್ಲ. ಚನ್ನಗಿರಿಯಲ್ಲಿ ಅಣ್ಣನ ಗಾಡಿ ಕದ್ದು ಕದ್ದು ಓಡಿಸಿ ಕಲಿತಿದ್ದೆ, ಗೇರಿಲ್ಲದ ಚಿಕ್ಕ ಸ್ಕೂಟರ್‌ಗಳು ಆಗಷ್ಟೇ ಬಂದಿದ್ದವು. "ಒಂದು ಗಾಡಿ ತಗೊಳ್ಳೋಣ, ನಾನೇ ಹೋಗಿಬರ್ತೀನಿ" ಎಂದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಎಂದಿನಂತೆ ಅವರಪ್ಪನ ಮುಖ ನೋಡಿದರು. ಮಾವ ತೊಲೆ ನೋಡಿದರು. ಆಮೇಲೆ ತೀರ್ಪು ಬಂತು.

"ತಗಳ್ಳಿ. ಆದ್ರೆ ಹೆಣ್ಮಗಳು ಒಬ್ಬಾಕೆನೇ ಆ ಬಯಲಾಗೆ ಹೋಗಾಕೆ ಆಗಲ್ಲ. ಹಿಂದೆ ನಾನು ಕುಂತ್ಕಂತೀನಿ."

ನೌಕರಿ ಉಳಿಯಿತು. ಒಬ್ಬಳೇ ಗಾಳಿಗೆ ಸೆರಗು ಬಿಟ್ಟುಕೊಂಡು ಹೋಗಬೇಕೆಂಬ ನನ್ನ ಆಸೆ ಮಾತ್ರ ಮಣ್ಣುಪಾಲಾಯಿತು.

ಮಾವನವರ ಹೆಸರು ಕೊಟ್ರಪ್ಪ. ಊರಲ್ಲಿ ದಳ್ಳಾಳಿ ಕೊಟ್ರಪ್ಪ ಎಂದರೇ ತಿಳಿಯುತ್ತಿತ್ತು. ದನದ ವ್ಯಾಪಾರದ ದಳ್ಳಾಳಿ. ಹೊನ್ನಾಳಿ, ನ್ಯಾಮತಿ, ಎಲ್ಲಿ ದನದ ಸಂತೆ ಕೂಡಿದರೂ ಅಲ್ಲಿ ಅವರ ಬಿಳಿ ರುಮಾಲು ಕಾಣುತ್ತಿತ್ತು; ವಯಸ್ಸಾದ ಮೇಲೆ ಈಗ ಸಂತೆ ಬಿಟ್ಟಿದ್ದರು. ತೆಂಗಿನ ಮರದಷ್ಟು ಉದ್ದನೆಯ ಆಳು, ಹಣೆಯ ತುಂಬಾ ವಿಭೂತಿ, ಹೆಗಲ ಮೇಲೆ ಟವೆಲ್. ಜಗತ್ತಿನಲ್ಲಿ ಯಾವುದನ್ನು ನೋಡಿದರೂ ಅವರಿಗೆ ಅದು ದನವೋ, ದನದಂಥದ್ದೋ ಆಗಿ ಕಾಣುತ್ತಿತ್ತು. ನನ್ನನ್ನು ನೋಡಲು ಬಂದ ದಿನವೂ ಮೊದಲು ನನ್ನ ನಡಿಗೆ ನೋಡಿದರೆಂದು ನಮ್ಮತ್ತೆ ಹೇಳುತ್ತಿದ್ದರು.

ಚನ್ನಗಿರಿಯಲ್ಲಿ ಒಬ್ಬ ಬ್ಯಾಂಕ್ ಆಫೀಸರು ವರ್ಗವಾಗಿ ತಮ್ಮ ಮಂಗಳೂರು ಕಡೆಗೆ ಹೊರಟಿದ್ದರು. ಅವರ ಸ್ಕೂಟರ್ ಮಾರಾಟಕ್ಕಿದೆ ಎಂದು ಅಣ್ಣ ಹೇಳಿ ಕಳಿಸಿದ. ನಾನು, ಮಾವ ಹೋದೆವು. ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದ ಗಾಡಿಯನ್ನು ಮಾವ ದೂರದಿಂದ ಒಂದು ಸುತ್ತು ಬಂದರು, ಹತ್ತಿರದಿಂದ ಒಂದು ಸುತ್ತು ಬಂದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಹೆಡ್‌ಲೈಟಿನ ಕೆಳಗೆ, ಹೊಟ್ಟೆಯ ಹತ್ತಿರ, ಹಿಂಬದಿಯಲ್ಲಿ ಬೆರಳಾಡಿಸಿ ಹುಡುಕಿದರು. ಏನೆಂದು ಕೇಳಿದೆ. "ಸುಳಿ" ಎಂದರು. ಎತ್ತಿನ ಮೈಮೇಲೆ ಕೆಟ್ಟ ಸುಳಿಯಿದ್ದರೆ ಮನೆ ಹಾಳಾಗುತ್ತದಂತೆ, ಕಬ್ಬಿಣಕ್ಕೂ ನೋಡಿಬಿಡುವುದು ಒಳ್ಳೆಯದಂತೆ. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು.

"ಎಷ್ಟು ಹಲ್ಲಾಗ್ಯಾವ್ರೀ?" ಎಂದು, ಹಲ್ಲೆಣಿಸಿ ಎತ್ತಿನ ವಯಸ್ಸು ತಿಳಿಯುವವರಂತೆ, ಆಫೀಸರನ್ನು ಕೇಳಿದರು.

ಆಫೀಸರು ಏನೋ ಯಂತ್ರದ ಹಲ್ಲು ಕೇಳುತ್ತಿದ್ದಾರೆಂದು ತಿಳಿದು, "ಇದಕ್ಕೆ ಗೇರು ಇಲ್ಲ ಮಾರಾಯ್ರೆ" ಎಂದರು.

"ಅಂಗಾರೆ ಇನ್ನೂ ಹಾಲು ಹಲ್ಲು. ಒಳ್ಳೇದೇ ಆತು."

ಇಷ್ಟಕ್ಕೇ ಮುಗಿದಿದ್ದರೆ ನಾನು ಸಹಿಸುತ್ತಿದ್ದೆ. ಬೆಲೆಯ ಮಾತು ಬಂದ ಕೂಡಲೇ ಮಾವ ಆಫೀಸರ ಪಕ್ಕಕ್ಕೆ ಸರಿದು, ಅವರ ಬಲಗೈ ಮೇಲೆ ಟವೆಲ್ ಹಾಕಿ, ಒಳಗೆ ಕೈ ತೂರಿಸಿ ಅವರ ಬೆರಳು ಹಿಡಿದರು. ಸಂತೆಯಲ್ಲಿ ವ್ಯಾಪಾರ ಹಾಗೇ. ಮಾತಿಲ್ಲ, ಟವೆಲ್ಲಿನ ಕೆಳಗೆ ಹಿಡಿದ ಬೆರಳೇ ಬೆಲೆ. ಪಕ್ಕದಲ್ಲಿ ನಿಂತವರಿಗೆ ತಿಳಿಯಬಾರದು. ಪಾಪ, ಆ ಮನುಷ್ಯರಿಗೆ ಇದೆಲ್ಲ ಎಲ್ಲಿಂದ ಗೊತ್ತು? "ಎಂತದು, ಎಂತದು ಮಾಡ್ತೀರಿ ನೀವು?" ಎಂದು ಕೈ ಕೊಡವಿಕೊಂಡು ಬಾಗಿಲವರೆಗೆ ಹಿಂದೆ ಸರಿದರು. ಅವರ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅಣ್ಣ ನಡುವೆ ಬಂದು ಬಾಯಿಮಾತಿನಲ್ಲಿ ವ್ಯಾಪಾರ ಮುಗಿಸಿದ. ದಾರಿಯುದ್ದಕ್ಕೂ ಮಾವನದು ಒಂದೇ ಗೊಣಗು: "ಬೆರಳು ಕೊಡಾಕೆ ಬರದೋರು ಬ್ಯಾಂಕು ಹೆಂಗೆ ನಡೆಸ್ತಾರೆ?"

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಬಿಸಿಲಲ್ಲಿ ಬಂದ ಗಾಡಿಗೆ ಪೆಟ್ರೋಲ್ ಹಾಕಿಸಲು ಬಿಡುತ್ತಿರಲಿಲ್ಲ. ಬೆವೆತ ಎತ್ತಿಗೆ ತಕ್ಷಣ ನೀರು ತೋರಿಸಬಾರದಂತೆ. ಬಂಕಿನಲ್ಲಿ ನೆರಳು ಹುಡುಕಿ ನಿಲ್ಲಬೇಕು, ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಿರಬೇಕು, ಇವರು ಎಂಜಿನ್ ಮುಟ್ಟಿ ಮುಟ್ಟಿ ನೋಡಿ, "ಈಗ ಕುಡಿಸಪ್ಪ" ಎನ್ನಬೇಕು. ಭಾನುವಾರ ಬಂತೆಂದರೆ ಒಣಹುಲ್ಲಿನ ಸಿಂಬಿ ಮಾಡಿಕೊಂಡು ಗಾಡಿಯ ಮೈ ಉಜ್ಜಿ ತೊಳೆಯುತ್ತಿದ್ದರು. ಬಣ್ಣವೆಲ್ಲ ಗೀರು ಗೀರು. ಪ್ಲಗ್ಗಿಗೆ ನೀರು ಹೋಗಿ ಸ್ಟಾರ್ಟ್ ಆಗದಿದ್ದರೆ, "ಚಳಿಯಾಗೈತೆ ಅದಕ್ಕೆ" ಎಂದು ಸಮಾಧಾನ ಹೇಳುತ್ತಿದ್ದರು. ನನಗಲ್ಲ, ಗಾಡಿಗೆ.

ಕೂರುವ ವಿಷಯ ಇನ್ನೊಂದು. ಸೊಸೆಗೆ ಮೈ ತಾಗಬಾರದು, ಅದು ಅವರ ಮರ್ಯಾದೆ. ಅದಕ್ಕೆ ನನ್ನ ಬೆನ್ನಿಗೂ ಅವರಿಗೂ ನಡುವೆ ನನ್ನ ಶಾಲೆಯ ಚೀಲ, ಬುತ್ತಿ, ಮಡಿಸಿದ ಕಂಬಳಿ ಇಟ್ಟು, ತಾವು ಸೀಟಿನ ತೀರಾ ತುದಿಗೆ ಸರಿದು, ಅರ್ಧ ಗಾಳಿಯಲ್ಲೇ ಕೂರುತ್ತಿದ್ದರು. ಹಿಂದೆ ಅಷ್ಟು ಭಾರ ಬಿದ್ದು ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೊನೆಯುತ್ತಿತ್ತು. ನಾನು ತಿರುವಿನಲ್ಲಿ ಎಡಕ್ಕೆ ವಾಲಿದರೆ ಅವರು ಗಾಡಿ ಬೀಳದಿರಲೆಂದು ಬಲಕ್ಕೆ ವಾಲುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ನಾವಿಬ್ಬರೂ ಜಗಳೂರಿನಿಂದ ಬಿಳಿಚೋಡಿನ ಕಡೆಗೆ ಹೋಗುತ್ತಿದ್ದದ್ದು. ಕಂಬಳಿ ತೆಗೆದು ಸ್ವಲ್ಪ ಮುಂದೆ ಬನ್ನಿ ಎಂದು ಎಷ್ಟು ಸಲ ಹೇಳಿದೆನೋ! "ನಿನ್ ಗಾಡಿ ನೀನು ಹೊಡಿ. ಕುಂತ್ಕಳೋದು ನನಗೆ ಗೊತ್ತೈತೆ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಒಂದು ಸಲ ಹಳ್ಳದ ಮೋರಿಯ ಹತ್ತಿರ ಗಾಡಿ ಎತ್ತಿ ಹಾಕಿತು. ಮುಂದೆ ಹೋಗಿ ಏನೋ ಕೇಳಿದರೆ ಉತ್ತರವಿಲ್ಲ. ತಿರುಗಿ ನೋಡಿದೆ, ಕಂಬಳಿಯಿದೆ, ಬುತ್ತಿಯಿದೆ, ಮಾವ ಇಲ್ಲ. ವಾಪಸ್ ಬಂದರೆ ರಸ್ತೆಯ ನಡುವೆ ಚಕ್ಕಂಬಕ್ಕಳ ಹಾಕಿಕೊಂಡು ರುಮಾಲು ಸುತ್ತಿಕೊಳ್ಳುತ್ತಿದ್ದಾರೆ. ಮಂಡಿ ತರಚಿದೆ. ಕುರಿ ಕಾಯುವವರು ನಾಲ್ಕಾರು ಜನ ಸುತ್ತ ನಿಂತಿದ್ದಾರೆ.

"ಬಿದ್ರೇನ್ರೀ ಮಾವ?" ಎಂದೆ.

"ಬೀಳಾಕೆ ನಾನೇನು ಹಸುಗೂಸೇ? ಕಾಲು ಜೋಮು ಹಿಡಿದಿತ್ತು, ನಾನೇ ಇಳ್ದೆ."

ಶಾಲೆಯಲ್ಲಾದರೂ ನೆಮ್ಮದಿ ಇತ್ತೇ ಎಂದರೆ ಅದೂ ಇಲ್ಲ. ಸಂಜೆಯವರೆಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಒಳಗೆ ನಾನು ಮಗ್ಗಿ ಕೇಳಿ ಮಕ್ಕಳು ತಡವರಿಸಿದರೆ ಕಿಟಕಿಯಿಂದ ಉತ್ತರ ಬರುತ್ತಿತ್ತು. ಕ್ರಮೇಣ ಮಕ್ಕಳು ನನ್ನನ್ನು ಬಿಟ್ಟು ಕಿಟಕಿಯನ್ನೇ ನೋಡಲು ಕಲಿತವು. ಹೆಡ್‌ಮಾಸ್ಟರರು ನನ್ನನ್ನು ಕರೆದು, "ನಿಮ್ಮ ಮಾವಾರಿಗೂ ಹಾಜರಿ ಹಾಕಿಬಿಡಾನ ಏನ್ರಮ್ಮ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿಜವಾಗಿ ಅಳು ಬಂದದ್ದು ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬರುವ ದಿನ. ಅದು ಸೋಮವಾರ. ಹಿಂದಿನ ದಿನವೇ ಕೈಮುಗಿದು ಕೇಳಿಕೊಂಡೆ. ಇದೊಂದು ಸೋಮವಾರ ಬಿಡಿ, ತಡವಾದರೆ ನನ್ನ ಹೆಸರು ಕೆಡುತ್ತದೆ ಎಂದೆ. "ನಿನ್ನ ಇನ್ಸ್‌ಪೆಕ್ಟರು ದೊಡ್ಡೋರೋ, ಬಸವಣ್ಣ ದೊಡ್ಡೋನೋ?" ಎಂದರು. ಬೆಳಗ್ಗೆ ನೋಡಿದರೆ ಸ್ಕೂಟರಿನ ಬೀಗದ ಕೈಯನ್ನು ಕೊರಳ ಲಿಂಗದಕಾಯಿಗೆ ಜೊತೆ ಮಾಡುವುದೊಂದು ಬಾಕಿ, ಅಷ್ಟು ಭದ್ರವಾಗಿ ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದರು. ಬಸ್ಸಿಗೆ ಹೋದೆ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಮಧ್ಯಾಹ್ನ ಶಾಲೆ ಮುಟ್ಟಿದಾಗ ಇನ್ಸ್‌ಪೆಕ್ಟರು ನನ್ನ ತರಗತಿಯನ್ನು ತಾವೇ ನೋಡಿ ಮುಗಿಸಿದ್ದರು. ಅವರ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿ ನಿಂತೆ. ಒಂದು ವಾರ ಮಾವನ ಹತ್ತಿರ ಮಾತು ಬಿಟ್ಟೆ. ಅವರಿಗೆ ಅದೂ ನಾಟಲಿಲ್ಲ. ವಾರದ ಕೊನೆಗೆ ಹಿಂದಿನಿಂದ, "ಮಾತಿಲ್ದಿದ್ರೆ ಗಾಡಿ ಚೆಂದ ಓಡ್ತೈತೆ ನೋಡು" ಎಂದರು.

ಹೀಗೇ ಎರಡು ವರ್ಷ ಕಳೆದವು. ಮಾರ್ಚ್ ಮುಗಿಯುವ ಹೊತ್ತಿಗೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಬಂತು. ಮೊದಲ ದಿನ ಬೆಳಗ್ಗೆ ನಾವು ಬರುತ್ತಿದ್ದಾಗ ದಾರಿಯ ಹುಣಸೆಮರದ ಕೆಳಗೆ ನನ್ನ ಶಾಲೆಯ ಸಾಕಮ್ಮ ನಿಂತಿದ್ದಳು. ರಸ್ತೆಯಿಂದ ಒಳಗಿದ್ದ ಕುರಿಹಟ್ಟಿಯ ಹುಡುಗಿ. ಕೈಯಲ್ಲಿ ಹಾಲ್ ಟಿಕೆಟು, ಕಣ್ಣಲ್ಲಿ ಧಾರಾಕಾರ ನೀರು.

"ಬಸ್ಸು ತುಂಬಿತ್ರೀ ಟೀಚರ್, ನಿಲ್ಲಿಸ್ಲೇ ಇಲ್ಲ. ಪರೀಕ್ಷೆ ತಪ್ಪಿದ್ರೆ ನಾಳಿಂದ ಕುರಿ ಹಿಂದೆ ಹೋಗು ಅಂದಾನೆ ನಮ್ಮಪ್ಪ."

ಆ ಗಾಡಿಯ ಮೇಲೆ ಮೂರು ಜನ ಹಿಡಿಸುತ್ತಿರಲಿಲ್ಲ. ಮಾವನನ್ನು ಇಳಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಈ ಮನುಷ್ಯ ಇನ್ನೇನು ಬಸವಣ್ಣನನ್ನು ಕರೆತರುತ್ತಾನೋ, ಆ ಹುಡುಗಿಯ ಓದು ಇಲ್ಲಿಗೆ ಮುಗಿಯುತ್ತದೋ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಷ್ಟರಲ್ಲಿ ಮಾವ ಇಳಿದು ನಿಂತಿದ್ದರು. ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡರು.

"ಹತ್ತವ್ವಾ. ಟೀಚರ್ ಸೊಂಟ ಬಿಗಿಯಾಗಿ ಹಿಡ್ಕ. ನಾನು ಕುಂತಂಗೆ ಕುಂತ್ಕಬ್ಯಾಡ ಮತ್ತೆ." ನನ್ನ ಕಡೆ ತಿರುಗಿ, "ನಡಿ ತಾಯಿ. ಪರೀಕ್ಷೆ ನನಗೇನೂ ಇಲ್ಲ, ನಾನು ನಡ್ಕಂಡು ಬರ್ತೀನಿ" ಎಂದರು.

ಹುಡುಗಿ ಅವುಚಿ ಹಿಡಿದು ಕೂತಳು. ಗಾಡಿ ಅಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ಓಡಿತು. ತಿರುವಿನಲ್ಲಿ ನಾನು ವಾಲಿದ ಕಡೆಗೇ ಅದೂ ವಾಲಿತು. ಗಂಟೆ ಹೊಡೆಯುವ ಮೊದಲೇ ಸಾಕಮ್ಮ ಒಳಗೆ ಹೋಗಿ ಕೂತಳು. ನನಗೆ ಕೇಕೆ ಹಾಕಬೇಕೆನಿಸಿತು, ನಾನು ಟೀಚರಮ್ಮ ಅಲ್ಲವೇ ಎಂದು ತಡೆದುಕೊಂಡೆ.

ಮಾವ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮಂಡಿಯವರೆಗೆ ಕೆಂಧೂಳು. ಒಂದು ಚೊಂಬು ನೀರು ಕುಡಿದು ಜಗಲಿಗೆ ಒರಗಿದರು. ಹುಡುಗಿ ಪರೀಕ್ಷೆ ಬರೆದಳೇ ಎಂದು ಕೇಳಿದರು, ಹೂಂ ಎಂದೆ. ಆಮೇಲೆ ಟವೆಲ್ಲಿನಿಂದ ಕಾಲಿನ ಧೂಳು ಕೊಡವಿಕೊಂಡರು.

"ಮರದ ಕೆಳಗೆ ನಿಂತು ನೋಡ್ತಿದ್ದೆ" ಎಂದರು. "ಎರಡು ವರ್ಷ ನಿನ್ ಬೆನ್ನು ನೋಡೀನಿ, ನೀನು ಗಾಡಿ ಹೊಡಿಯೋದು ನೋಡೇ ಇರ್ಲಿಲ್ಲ. ಚೆಂದ ಹೊಡಿತೀ ತಾಯಿ. ಅಡ್ಡಾಡ್ತಿದ್ದದ್ದು ನನ್ ಭಾರಕ್ಕೆ."

ನನಗೆ ಹಿಗ್ಗಾಯಿತು. ಇಷ್ಟು ದಿನ ಈ ಮಾತನ್ನು ನಾನು ಬಾಯಿ ಬಡಿದುಕೊಂಡು ಹೇಳಿದ್ದು ಈ ಮನುಷ್ಯನಿಗೆ ಕೇಳಿಸಲೇ ಇಲ್ಲವಲ್ಲ ಎಂದು ಅದರ ಹಿಂದೆಯೇ ಕೋಪವೂ ಬಂತು.

ಮರುದಿನ ನಾನು ಗಾಡಿ ಸ್ಟಾರ್ಟ್ ಮಾಡಿ ಕಾದೆ. ಅವರು ಬಾಗಿಲಲ್ಲೇ ನಿಂತಿದ್ದರು, ಹೆಗಲ ಮೇಲೆ ಕಂಬಳಿಯಿಲ್ಲ. "ಹೋಗ್ಬಾ" ಎಂದರು. ಒಬ್ಬಳೇ ಹೊರಟೆ. ಬೀದಿಯ ತುದಿ ದಾಟುವಾಗ ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯವರೆಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಆವತ್ತಿನಿಂದ ಸೋಮವಾರವೊಂದು ಬಿಟ್ಟು ದಿನವೂ ಅಷ್ಟೇ. ಸಂಜೆ ಬಂದರೆ ವರದಿ ಸಿದ್ಧ: "ಇವತ್ತು ಮೂಲೆಯಾಗೆ ಸ್ವಲ್ಪ ಜೋರಾತು", "ಆ ಕುನ್ನಿ ಅಡ್ಡ ಬಂದಾಗ ತಡೆದೆಯಲ್ಲ, ಹಂಗೆ ತಡೀಬೇಕು." ಒಂದು ದಿನವಾದರೂ ನೋಡದೆ ಬಿಡಬಾರದೇ ಎಂದು ರೇಗುತ್ತಿದ್ದೆ. ಅವರು ಬಿಡಲಿಲ್ಲ.

ಮುಂದಿನ ವರ್ಷ ಶ್ರಾವಣದಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನು ಶಾಲೆಯಲ್ಲಿದ್ದೆ. ಬೆಳಗ್ಗೆ ಎಂದಿನಂತೆ ನೋಡಿ ಕಳಿಸಿದ್ದರು.

ಕಾರ್ಯಗಳೆಲ್ಲ ಮುಗಿದು ಮತ್ತೆ ಶಾಲೆಗೆ ಹೊರಟ ದಿನ ಬೀದಿಯ ತುದಿಯಲ್ಲಿ ಕೈ ತಾನಾಗಿ ಬ್ರೇಕ್ ಹಿಡಿಯಿತು. ಕನ್ನಡಿಯಲ್ಲಿ ಖಾಲಿ ರಸ್ತೆ. ಬೇಡಬೇಡವೆಂದರೂ ಎರಡು ವರ್ಷ ಬೆನ್ನು ಬಿಡದೆ ಕೂತವರು, ನನ್ನನ್ನು ಕಣ್ಣು ತುಂಬಾ ನೋಡಲು ಕಲಿತ ಮೇಲೆ ಇಷ್ಟು ಬೇಗ ಎದ್ದು ಹೋದರಲ್ಲ ಎಂದು ಕೆಂಡದಂಥ ಸಿಟ್ಟು ಬಂತು. ಕಣ್ಣೊರೆಸಿಕೊಂಡು ಗಾಡಿ ಬಿಟ್ಟೆ. ಮೂಲೆಯಲ್ಲಿ ಚೆನ್ನಾಗಿ ತಿರುಗಿಸಿದೆ. ಯಾರೂ ನೋಡಲಿಲ್ಲ.