ವೀಳ್ಯದ ದಿನ ಬಂದ ರಕ್ತದ ವರದಿ

ಕಳೆದ ವರ್ಷ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ, ಕೂಟಗಲ್ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ನನ್ನ ಅಣ್ಣ ತನ್ನ ಹೆಂಡತಿಯ ತಮ್ಮನ ಮೇಲೆ ಮಚ್ಚು ಬೀಸಿದ. ಅಡ್ಡ ಹಿಡಿದ ಎಡಗೈಯ ಎರಡು ಬೆರಳು ತುಂಡಾಗಿ ಎಳನೀರಿನ ಸಿಪ್ಪೆಗಳ ನಡುವೆ ಬಿದ್ದವು.

ಅಂದು ಅಣ್ಣನ ಮಗಳ ವೀಳ್ಯಶಾಸ್ತ್ರ. ಗಂಡು, ವಿರೂಪಾಕ್ಷಿಪುರಕ್ಕೆ ಕೊಟ್ಟಿರುವ ನಮ್ಮ ಅಕ್ಕನ ಮಗ. ಅದರ ಹಿಂದಿನ ವರ್ಷ ಅಣ್ಣನ ಮಗ ತೊಡೆಯ ಮೂಳೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ರೋಗ ಅತ್ತಿಗೆಯ ತವರಿನಿಂದ ಬಂತೆಂದು ಅಣ್ಣ ಅವಳನ್ನು ಹೊಡೆಯುತ್ತಿದ್ದ. ಒಮ್ಮೆ ಅವಳ ಕಿವಿಯಿಂದ ರಕ್ತ ಸುರಿದಿತ್ತು. ಮಗಳನ್ನು ನಮ್ಮ ರಕ್ತಕ್ಕೇ ಕೊಟ್ಟರೆ ಮುಂದಿನ ಮಕ್ಕಳು ಉಳಿಯುತ್ತವೆ ಎಂದು ಅವನು ನಂಬಿದ್ದ. ಮನೆಯಲ್ಲಿ ಎಲ್ಲರೂ ನಂಬಿದ್ದೆವು. ನಮ್ಮ ಅಪ್ಪ ಸಣ್ಣ ವಯಸ್ಸಿಗೆ ಮಿದುಳಿನ ಗಡ್ಡೆಯಿಂದ ಸತ್ತದ್ದನ್ನು ಗಾಳಿ ಬಡಿದದ್ದು ಎನ್ನುತ್ತಿದ್ದರು.

ಸೋದರಮಾವ ಬರದೆ ವೀಳ್ಯ ಬದಲಾಯಿಸುವಂತಿಲ್ಲ. ಅವನು ಬಂದ. ಮಗ ಸತ್ತ ಮೇಲೆ ಡಾಕ್ಟರು ಕೇಳಿದ್ದಕ್ಕೆ ಅಣ್ಣ, ಅತ್ತಿಗೆ ಇಬ್ಬರೂ ಕೊಟ್ಟಿದ್ದ ರಕ್ತದ ವರದಿಯನ್ನು ಆಸ್ಪತ್ರೆಯಿಂದ ತಂದಿದ್ದ.

“ಭಾವ, ತಟ್ಟೆ ಒಸಿ ಕೆಳಗಿಡಿ. ತಪ್ಪು ಅಕ್ಕನ ಕಡೇದಲ್ಲ, ನಿಮ್ಮ ಕಡೇದು.”

“ಯಾವನ್ಲಾ ಅಂದೋನು?”

“ಡಾಕ್ಟ್ರು. ನಿಮ್ಮಕ್ಕನ ಮಗನಿಗೂ ಇರಬೌದಂತೆ. ಇಬ್ರಿಗೂ ಟೆಸ್ಟ್ ಮಾಡ್ಸಿ, ಆಮೇಲೆ ಎಲೆ ಅಡಿಕೆ.”

“ನನ್ನ ಮನೆ ಬಾಗ್ಲಲ್ಲೇ ನಿಂತ್ಕಂಡು ನನ್ನ ರಕ್ತ ಅಳೀತೀಯೇನ್ಲಾ?”

ಎಳನೀರು ಕೆತ್ತಲು ಇಟ್ಟಿದ್ದ ಮಚ್ಚನ್ನು ಅಣ್ಣ ಎತ್ತಿಕೊಂಡ. ಅಡ್ಡ ಬಂದ ಅತ್ತಿಗೆಯ ಹೊಟ್ಟೆಗೆ ಒದ್ದ.

ವೈದ್ಯೆ ಆಮೇಲೆ ನನಗೆ ಬಿಡಿಸಿ ಹೇಳಿದರು. ಟಿಪಿ53 ಎಂಬ ಜೀನಿನಿಂದ ಹುಟ್ಟುವ ಪ್ರೋಟೀನು, ಡಿಎನ್‌ಎಗೆ ಪೆಟ್ಟು ಬಿದ್ದಾಗ ಅದರ ನಿರ್ದಿಷ್ಟ ಜಾಗಗಳನ್ನು ಹಿಡಿದು ಬೇರೆ ಜೀನ್‌ಗಳ ನಕಲು ತೆಗೆಸುತ್ತದೆ. ಕೋಶದ ವಿಭಜನೆ ನಿಲ್ಲಿಸುವ, ದುರಸ್ತಿಯಾಗದ ಕೋಶವನ್ನು ಕೊಲ್ಲುವ ಪ್ರೋಟೀನುಗಳು ಆ ನಕಲಿನಿಂದ ತಯಾರಾಗುತ್ತವೆ. ನಮ್ಮ ಮನೆತನದ ಜೀನಿನಲ್ಲಿ ಡಿಎನ್‌ಎ ಹಿಡಿಯುವ ಭಾಗವೇ ಕೆಟ್ಟಿದೆ. ಎಲ್ಲರಿಗೂ ಎರಡು ಪ್ರತಿ ಇರುತ್ತವೆ. ಅಣ್ಣನ ಮಗನಿಗೆ ಅಪ್ಪನಿಂದ ಕೆಟ್ಟ ಪ್ರತಿ ಬಂದಿತ್ತು; ಮೂಳೆಯಲ್ಲಿ ಅಮ್ಮನಿಂದ ಬಂದ ಒಳ್ಳೆಯ ಪ್ರತಿಯೂ ಹಾಳಾಯಿತು. ಕೊನೆಯ ವಾರ ಗಡ್ಡೆ ತೊಡೆಯ ಚರ್ಮವನ್ನು ಸೀಳಿಕೊಂಡು ಹೊರಬಂದಿತ್ತು. ಅವನ ತಂಗಿಗೂ ಕೆಟ್ಟ ಪ್ರತಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಬೆರಳುಗಳಲ್ಲಿ ಒಂದನ್ನು ಮಾತ್ರ ಜೋಡಿಸಲಾಯಿತು. ಅಣ್ಣ ಜಾಮೀನಿನ ಮೇಲಿದ್ದಾನೆ. ಅಕ್ಕನ ಮಗ ರಕ್ತ ಕೊಡಲು ಒಪ್ಪಿಲ್ಲ. ಅಣ್ಣನ ಮಗಳು ಹೋದ ಗುರುವಾರ ಸೋದರಮಾವನ ಜೊತೆ ಹೋಗಿ ಕೊಟ್ಟು ಬಂದಳು. ವರದಿ ಇನ್ನೂ ಬಂದಿಲ್ಲ.